ಕ್ಲಿಕ್ಕಿನಿಂದ ಆರ್ಡರಿನವರೆಗೆ: ಕಲಬುರಗಿಯ ತೊಗರಿ ಬೇಳೆಯನ್ನು ಆನ್‌ಲೈನಿನಲ್ಲಿ ಮಾರುವ ಕೆಲಸ

ಗೂಗಲ್‌ನಲ್ಲಿ ಹಣ ಕೊಟ್ಟು ಜಾಹೀರಾತು ಹಾಕುವ ಸಣ್ಣ ವ್ಯಾಪಾರಿಗಳಿಂದ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಕ್ಲಿಕ್ಕುಗಳು ಬರುತ್ತಿವೆ, ಖಾತೆಯಿಂದ ಹಣ ಕಡಿತವಾಗುತ್ತಿದೆ, ಆರ್ಡರ್ ಮಾತ್ರ ಬರುತ್ತಿಲ್ಲ. ಕಲಬುರಗಿಯ ಒಂದು ದಾಲ್ ಮಿಲ್ಲಿನ ಆನ್‌ಲೈನ್ ಮಾರಾಟ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದಾಗ ಅಲ್ಲಿನ ಸಾಹುಕಾರರು ಹೇಳಿದ್ದೂ ಇದನ್ನೇ. ಮಿಲ್ಲಿಗೆ ಸ್ವಂತ ವೆಬ್‌ಸೈಟ್ ಇತ್ತು, ಅದರಲ್ಲಿ ತೊಗರಿ ಬೇಳೆಯ ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳೂ ಮಾರಾಟಕ್ಕಿದ್ದವು. ಜಾಹೀರಾತಿನ ಬರಹ ಸಪ್ಪೆಯಾಗಿರುವುದರಿಂದ ಜನ ಕೊಳ್ಳುತ್ತಿಲ್ಲ ಎಂಬುದು ಸಾಹುಕಾರರ ಊಹೆಯಾಗಿತ್ತು. ಆದರೆ ಬರಹ ಸಪ್ಪೆಯಾಗಿದ್ದರೆ ಕ್ಲಿಕ್ಕೇ ಬರುತ್ತಿರಲಿಲ್ಲ; ಕ್ಲಿಕ್ ಬಂದೂ ಮಾರಾಟ ಆಗುತ್ತಿಲ್ಲವೆಂದರೆ ತೊಡಕನ್ನು ಹುಡುಕಬೇಕಾದದ್ದು ಬೇರೆ ಕಡೆ. ಬಂದವರು ಯಾರು, ಅವರು ಏನನ್ನು ಹುಡುಕಿ ಬಂದರು, ಬಂದ ಪುಟದಲ್ಲಿ ಅದು ಸಿಕ್ಕಿತೇ, ಇವೆಲ್ಲಕ್ಕಿಂತ ಮೊದಲು, ಅವರನ್ನು ಕರೆತರಲು ನಾವು ಕೊಡುತ್ತಿರುವ ಹಣವನ್ನು ಆ ಸರಕಿನ ಲಾಭ ಹೊರಬಲ್ಲದೇ ಎಂಬುದನ್ನು ನೋಡಬೇಕಾಗುತ್ತದೆ.

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇದನ್ನು ಬಿಡಿಸದೆ ಉಳಿದ ಯಾವ ಕೆಲಸಕ್ಕೂ ಅರ್ಥವಿಲ್ಲ. ಐದು ಕಿಲೋ ಬೇಳೆಯ ಚೀಲವೊಂದನ್ನು ಮಾರಿದಾಗ ಬೇಳೆಯ ಅಸಲು, ಪ್ಯಾಕಿಂಗ್, ಕೊರಿಯರ್, ಪೇಮೆಂಟ್ ಗೇಟ್‌ವೇ ಶುಲ್ಕ ಎಲ್ಲವನ್ನೂ ಕಳೆದು 150 ರೂಪಾಯಿ ಉಳಿಯುತ್ತದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಜಾಹೀರಾತನ್ನು ಒತ್ತಿ ಪುಟಕ್ಕೆ ಬಂದ ನೂರು ಜನರಲ್ಲಿ ಇಬ್ಬರು ಕೊಂಡರೆ ನೂರು ಕ್ಲಿಕ್ಕಿನಿಂದ ಬರುವ ಲಾಭ 300 ರೂಪಾಯಿ. ಅಂದರೆ ಕ್ಲಿಕ್ಕೊಂದಕ್ಕೆ 3 ರೂಪಾಯಿ ಕೊಟ್ಟರೆ ಗಳಿಸಿದ್ದೂ ಇಲ್ಲ, ಕಳೆದುಕೊಂಡದ್ದೂ ಇಲ್ಲ. ಜಾಹೀರಾತಿನ ಬಿಲ್ಲಿನ ಮೇಲೆ ಶೇ. 18ರಷ್ಟು ಜಿಎಸ್‌ಟಿ ಸೇರುತ್ತದೆ ಎಂಬುದನ್ನೂ ನೆನಪಿಡಬೇಕು; ಅದರಲ್ಲಿ ಎಷ್ಟು ಮರಳಿ ಸಿಗುತ್ತದೆ ಎಂಬುದನ್ನು ಲೆಕ್ಕಪರಿಶೋಧಕರನ್ನು ಕೇಳಿ ತಿಳಿದುಕೊಂಡ ಮೇಲೆಯೇ ಮಿತಿಯನ್ನು ಗೊತ್ತುಪಡಿಸಬೇಕು. ಇನ್ನು ಒಂದು ಕಿಲೋ ಪ್ಯಾಕೆಟ್ಟಿನಲ್ಲಿ ಉಳಿಯುವುದು 20 ರೂಪಾಯಿ ಎಂದಾದರೆ, ಅದೇ ಲೆಕ್ಕದ ಪ್ರಕಾರ ಕ್ಲಿಕ್ಕೊಂದಕ್ಕೆ ಕೊಡಬಹುದಾದದ್ದು 40 ಪೈಸೆ. ಜಾಹೀರಾತಿನ ಜಾಗವನ್ನು ಗೂಗಲ್ ಹರಾಜು ಹಾಕಿ ಕೊಡುತ್ತದೆ; ದಿನಸಿ ಸಾಮಾನಿಗೆ ದೊಡ್ಡ ದೊಡ್ಡ ಕಂಪನಿಗಳು ಆ ಹರಾಜಿನಲ್ಲಿ ಕುಳಿತಿರುವಾಗ 40 ಪೈಸೆಯ ಕ್ಲಿಕ್ಕನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಒಂದು ಕಿಲೋ ಬೇಳೆಗೆ ಜಾಹೀರಾತು ಕೊಡುವುದನ್ನೇ ನಾವು ನಿಲ್ಲಿಸಿದೆವು. ಅದು ವೆಬ್‌ಸೈಟಿನಲ್ಲಿ ಇದೆ, ಹಿಂಡಿ ಅಥವಾ ರೊಟ್ಟಿಯ ಜೊತೆಗೆ ಬೇಕಾದವರು ಸೇರಿಸಿಕೊಳ್ಳುತ್ತಾರೆ. ಆದರೆ ಹಣ ಕೊಟ್ಟು ಕರೆತಂದ ಗ್ರಾಹಕನ ಎದುರಿಗೆ ಮೊದಲು ನಿಲ್ಲುವುದು ಐದು ಕಿಲೋ ಚೀಲ.

ರೊಟ್ಟಿಯ ಲೆಕ್ಕ ಇನ್ನೂ ವಿಚಿತ್ರವಾದದ್ದು. ಕೊರಿಯರ್‌ನವರು ತಕ್ಕಡಿಯ ತೂಕವನ್ನೂ ಡಬ್ಬಿಯ ಗಾತ್ರದಿಂದ ಬರುವ ತೂಕವನ್ನೂ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ಹಣ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಬಹುತೇಕ ಕಡೆ ಇರುವ ರೂಢಿ. ಖಡಕ್ ರೊಟ್ಟಿ ಮುರಿಯಬಾರದೆಂದು 30, 30, 20 ಸೆಂಟಿಮೀಟರಿನ ಡಬ್ಬಿಯಲ್ಲಿ ಇಟ್ಟರೆ ಒಳಗಿರುವ ರೊಟ್ಟಿ ಒಂದು ಕಿಲೋ ಆದರೂ ಬಿಲ್ಲಿಗೆ ಬರುವ ತೂಕ 3.6 ಕಿಲೋ. ಜಾಹೀರಾತಿನ ಖರ್ಚು ಹೆಚ್ಚಾಯಿತೆಂದು ಕೊರಗುವ ಅಂಗಡಿಗಳಲ್ಲಿ ನಿಜವಾಗಿ ಲಾಭವನ್ನು ನುಂಗುತ್ತಿರುವುದು ಹಲವು ಸಲ ಈ ಡಬ್ಬಿಯೇ. ರೊಟ್ಟಿಯನ್ನು ಎತ್ತರ ಕಡಿಮೆಯಿರುವ ಡಬ್ಬಿಗೆ ಬಿಗಿಯಾಗಿ ಜೋಡಿಸಿ, ಅದರ ಸಂದಿಗಳಲ್ಲಿ ಹಿಂಡಿಯ ಪ್ಯಾಕೆಟ್ಟುಗಳನ್ನು ಇಟ್ಟು ಒಂದೇ ಸರಕಾಗಿ ಮಾರತೊಡಗಿದ ಮೇಲೆ ಅದೇ ಕ್ಲಿಕ್ಕಿನ ಬೆಲೆಯನ್ನು ಆರ್ಡರ್ ಹೊರುವಂತಾಯಿತು.

ಇನ್ನು ಬಂದವರು ಯಾರು ಎಂಬ ಪ್ರಶ್ನೆ. ಗೂಗಲ್ ಆಡ್ಸ್ ಖಾತೆಯಲ್ಲಿ ನಾವು ಕೊಡುವ ಕೀವರ್ಡ್, ಅಂದರೆ ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ಸೂಚಿಸುವ ಪದ, ಬೇರೆ; ಜನ ನಿಜವಾಗಿ ಟೈಪ್ ಮಾಡಿದ ಮಾತು ಬೇರೆ. ಎರಡನೆಯದನ್ನು ತೋರಿಸುವ ಸರ್ಚ್ ಟರ್ಮ್ಸ್ ವರದಿಯನ್ನು ತೆರೆದು ನೋಡುವವರು ಕಡಿಮೆ. ‘ತೊಗರಿ ಬೇಳೆ’ ಎಂಬ ಕೀವರ್ಡನ್ನು, ಸಂಬಂಧವಿರುವ ಯಾವುದೇ ಹುಡುಕಾಟಕ್ಕೂ ಜಾಹೀರಾತು ತೋರಿಸುವ ಬ್ರಾಡ್ ಮ್ಯಾಚ್‌ನಲ್ಲಿ ಬಿಟ್ಟಿದ್ದ ಆ ಖಾತೆಯ ವರದಿಯನ್ನು ತೆರೆದಾಗ ಅಲ್ಲಿ ಕಂಡದ್ದು ಅಡುಗೆಮನೆಯಲ್ಲ, ಇಡೀ ತೊಗರಿ ಸೀಮೆಯ ಕೃಷಿ ಜೀವನ. ಇಂದಿನ ಎಪಿಎಂಸಿ ದರ, ಟಿಎಸ್-3ಆರ್ ತಳಿಯ ಬೀಜ ಎಲ್ಲಿ ಸಿಗುತ್ತದೆ, ಜಿಆರ್‌ಜಿ-811 ತಳಿಯ ಇಳುವರಿ ಎಷ್ಟು, ನೆಟೆ ರೋಗಕ್ಕೆ ಯಾವ ಔಷಧ, ಮಿನಿ ದಾಲ್ ಮಿಲ್ ಮಷೀನಿನ ಬೆಲೆ, ಬೆಂಬಲ ಬೆಲೆಗೆ ನೋಂದಣಿ ಯಾವಾಗ, ಕೊನೆಗೆ ಸಾರು ಮಾಡುವ ವಿಧಾನ. ಪ್ರಶ್ನೆ ಕೇಳಿದವರೆಲ್ಲ ನಮ್ಮವರೇ, ಅವರಲ್ಲಿ ಕೆಲವರು ಇದೇ ಮಿಲ್ಲಿಗೆ ತೊಗರಿ ತಂದು ಹಾಕುವ ರೈತರೂ ಇದ್ದಿರಬಹುದು. ಆದರೆ ತೊಗರಿ ಬೆಳೆದವನು ಆನ್‌ಲೈನಿನಲ್ಲಿ ಬೇಳೆ ಕೊಳ್ಳುವುದಿಲ್ಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಅಂದರೆ ರಾಶಿಯ ಕಾಲದಲ್ಲಿ, ದರ ನೋಡುವವರ ಸಂಖ್ಯೆ ಏರುವುದರಿಂದ ಈ ಪೋಲು ಕೂಡ ಆಗಲೇ ಹೆಚ್ಚು.

ಬೇಡದ ಮಾತುಗಳನ್ನು ನೆಗೆಟಿವ್ ಕೀವರ್ಡ್‌ಗಳಾಗಿ, ಅಂದರೆ ಅವನ್ನು ಹುಡುಕಿದವರಿಗೆ ಜಾಹೀರಾತು ಕಾಣದಂತೆ ತಡೆಯುವ ಪದಗಳಾಗಿ, ಸೇರಿಸುವುದು ಇದಕ್ಕಿರುವ ಪರಿಹಾರ, ಅದು ಎಲ್ಲರೂ ಹೇಳುವ ಮಾತೇ. ಹೇಳದೆ ಬಿಡುವ ಸಂಗತಿ ಒಂದಿದೆ. ಸಾಮಾನ್ಯ ಕೀವರ್ಡನ್ನು ಕೊಟ್ಟರೆ ಗೂಗಲ್ ಅದರ ಹತ್ತಿರದ ರೂಪಗಳನ್ನು, ಸಮಾನಾರ್ಥಕಗಳನ್ನು ತಾನೇ ಸೇರಿಸಿಕೊಳ್ಳುತ್ತದೆ. ನೆಗೆಟಿವ್ ಕೀವರ್ಡಿನ ವಿಷಯದಲ್ಲಿ, ಕಾಗುಣಿತ ತಪ್ಪಿದ ರೂಪಗಳನ್ನು ಬಿಟ್ಟರೆ, ಆ ಔದಾರ್ಯವಿಲ್ಲ. ‘ದರ’ ಎಂದು ತಡೆದರೆ ‘ರೇಟ್’ ತಡೆಯಲ್ಪಡುವುದಿಲ್ಲ, ಕನ್ನಡ ಲಿಪಿಯಲ್ಲಿ ತಡೆದದ್ದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡಕ್ಕೆ ಅನ್ವಯಿಸುವುದಿಲ್ಲ. ನಮ್ಮ ಭಾಗದ ಜನ ಒಂದೇ ವಿಷಯವನ್ನು ಕನ್ನಡ, ಹಿಂದಿ, ಮರಾಠಿ, ತೆಲುಗಿನಲ್ಲಿ, ಅದೂ ಎರಡೆರಡು ಲಿಪಿಗಳಲ್ಲಿ ಹುಡುಕುವುದರಿಂದ ಪ್ರತಿ ರೂಪವನ್ನೂ ಕೈಯಾರೆ ಸೇರಿಸಬೇಕಾಗುತ್ತದೆ. ಬೇಳೆ ಹಸನು ಮಾಡುವಂತೆ, ಒಮ್ಮೆ ಕೇರಿದರೆ ಮುಗಿಯುವುದಿಲ್ಲ. ಪ್ರತಿ ವಾರ ವರದಿಯಲ್ಲಿ ಹೊಸ ಹರಳು ಸಿಗುತ್ತವೆ. 2020ರ ಸೆಪ್ಟೆಂಬರಿನಿಂದ ಗೂಗಲ್ ತೀರಾ ಕಡಿಮೆ ಜನ ಹುಡುಕಿದ ಮಾತುಗಳನ್ನು ಈ ವರದಿಯಿಂದ ಕೈಬಿಟ್ಟಿರುವುದರಿಂದ ಕಾಣದ ಹರಳುಗಳೂ ಇರುತ್ತವೆ. ಆ ಕಾರಣಕ್ಕೇ ಸಣ್ಣ ಬಜೆಟ್ಟಿನ ಖಾತೆಗಳಲ್ಲಿ ಬ್ರಾಡ್ ಮ್ಯಾಚ್‌ಗಿಂತ ಕೀವರ್ಡಿನ ಅರ್ಥಕ್ಕೆ ಹೆಚ್ಚು ಅಂಟಿಕೊಳ್ಳುವ ಫ್ರೇಸ್ ಮತ್ತು ಎಕ್ಸಾಕ್ಟ್ ಮ್ಯಾಚ್ ವಾಸಿ ಎಂಬುದು ನನ್ನ ಅಭಿಪ್ರಾಯ. ಗೂಗಲ್ ಕೊಡುವ ಶಿಫಾರಸುಗಳು ಇದಕ್ಕೆ ವಿರುದ್ಧವಾಗಿ ಬ್ರಾಡ್ ಕಡೆಗೆ ಕರೆಯುತ್ತಿರುತ್ತವೆ. ಆ ಸಲಹೆ ದಿನಕ್ಕೆ ನೂರಾರು ಆರ್ಡರ್ ನೋಡುವ ಖಾತೆಗೆ ಸರಿಹೋಗಬಹುದು.

ಕೀವರ್ಡಿಗಿಂತಲೂ ಹೆಚ್ಚು ಪರಿಣಾಮ ಮಾಡಿದ್ದು ಸ್ಥಳದ ಆಯ್ಕೆ. ಕಲಬುರಗಿಯ ಸರಕನ್ನು ಕಲಬುರಗಿಯವರಿಗೇ ತೋರಿಸಬೇಕೆಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಇಲ್ಲಿನವರಿಗೆ ಬೇಳೆ ಹೊಲದಿಂದಲೋ ಪರಿಚಯದ ಮಿಲ್ಲಿನಿಂದಲೋ ಓಣಿಯ ಕಿರಾಣಿ ಅಂಗಡಿಯಿಂದಲೋ ಬರುತ್ತದೆ. ಆನ್‌ಲೈನಿನಲ್ಲಿ ಹುಡುಕಿ ಕೊಳ್ಳುವವರು ಬೆಂಗಳೂರು, ಪುಣೆ, ಹೈದರಾಬಾದ್, ಮುಂಬೈಗಳಲ್ಲಿ ನೆಲೆಸಿದ ನಮ್ಮ ಕಡೆಯವರು, ಹಾಗೂ ಕಲಬುರಗಿ ಬೇಳೆ ಬೇಗ ಬೇಯುತ್ತದೆ, ರುಚಿ ಬೇರೆ ಎಂದು ಕೇಳಿ ಬಲ್ಲ ಇತರರು. ಹಾಗಾಗಿ ಬೇಳೆಯ ಜಾಹೀರಾತಿನಿಂದ ಕಲಬುರಗಿ, ಯಾದಗಿರಿ, ಬೀದರ್, ವಿಜಯಪುರ ಜಿಲ್ಲೆಗಳನ್ನು ಹೊರಗಿಟ್ಟೆವು. ದರ ಕೇಳುವ ಕ್ಲಿಕ್ಕುಗಳಲ್ಲಿ ದೊಡ್ಡ ಪಾಲು ಅಷ್ಟರಿಂದಲೇ ನಿಂತಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಗೂಗಲ್ ಆಡ್ಸ್‌ನ ಮೂಲ ಆಯ್ಕೆಯಲ್ಲಿ, ಒಂದು ಊರನ್ನು ಆರಿಸಿದರೆ ಆ ಊರಿನಲ್ಲಿ ಇರುವವರಿಗಷ್ಟೇ ಅಲ್ಲದೆ ಆ ಊರಿನ ಬಗ್ಗೆ ಆಸಕ್ತಿ ತೋರಿದವರಿಗೂ ಜಾಹೀರಾತು ಕಾಣುತ್ತದೆ. ಕೊರಿಯರ್ ತಲುಪದ ಸ್ಥಳಗಳಿಂದ ಕ್ಲಿಕ್ ಬರುತ್ತಿದ್ದರೆ ಮೊದಲು ಈ ಆಯ್ಕೆಯನ್ನು ನೋಡಿ, ಆ ಊರಿನಲ್ಲಿ ಇರುವವರಿಗೆ ಮಾತ್ರ ಎಂದು ಬದಲಿಸಬೇಕು.

ಸರಿಯಾದ ಮನುಷ್ಯ ಬಂದ ಮೇಲೆ ಉಳಿಯುವುದು ಪುಟ. ಈ ಭಾಗಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟಿದ್ದೇನೆ, ಏಕೆಂದರೆ ಮೇಲಿನ ಲೆಕ್ಕದಲ್ಲಿ ನೂರಕ್ಕೆ ಇಬ್ಬರ ಬದಲು ಮೂವರು ಕೊಂಡರೆ ಕ್ಲಿಕ್ಕಿಗೆ ಕೊಡಬಹುದಾದ ಮೊತ್ತ 3ರಿಂದ 4.50 ರೂಪಾಯಿಗೆ ಏರುತ್ತದೆ, ಅಂದರೆ ಹರಾಜಿನಲ್ಲಿ ನಮ್ಮ ಕೈ ಅಷ್ಟು ಬಲವಾಗುತ್ತದೆ. ಜೊತೆಗೆ ಗೂಗಲ್ ಹರಾಜಿನಲ್ಲಿ ಜಾಗ ಕೊಡುವಾಗ ಕೂಗಿದ ಬೆಲೆಯನ್ನಷ್ಟೇ ಪರಿಗಣಿಸದೆ ಜಾಹೀರಾತಿನ ಮತ್ತು ಪುಟದ ಗುಣಮಟ್ಟವನ್ನೂ ತೂಗುತ್ತದೆ. ನಮಗೆ 1ರಿಂದ 10ರವರೆಗಿನ ಅಂಕವಾಗಿ ತೋರುವ ಕ್ವಾಲಿಟಿ ಸ್ಕೋರ್ ಅದರ ಸೂಚನೆ. ಒಳ್ಳೆಯ ಪುಟಕ್ಕೆ ಹೀಗೆ ಎರಡು ಕಡೆಯಿಂದ ಲಾಭ.

ಆ ಖಾತೆಯ ಜಾಹೀರಾತುಗಳೆಲ್ಲ ಮುಖಪುಟಕ್ಕೆ ಹೋಗುತ್ತಿದ್ದವು. ಮುಖಪುಟದಲ್ಲಿ ಮಿಲ್ಲಿನ ಕಟ್ಟಡದ ದೊಡ್ಡ ಚಿತ್ರ, ಹಿರಿಯರ ಭಾವಚಿತ್ರ, ಸಂಸ್ಥೆಯ ಇತಿಹಾಸ. ಐದು ಕಿಲೋ ಬೇಳೆ ಬೇಕೆಂದು ಒತ್ತಿದವನು ಅದನ್ನು ಅಲ್ಲಿ ಮತ್ತೆ ಹುಡುಕಬೇಕಿತ್ತು, ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಪ್ರತಿ ಜಾಹೀರಾತನ್ನೂ ಅದು ಹೆಸರಿಸಿದ ಸರಕಿನ ಪುಟಕ್ಕೇ ಜೋಡಿಸಿದೆವು. ನಂತರ ಆ ಪುಟವನ್ನು ಕಚೇರಿಯ ಕಂಪ್ಯೂಟರಿನಲ್ಲಿ ನೋಡುವುದನ್ನು ಬಿಟ್ಟು ಸಾಧಾರಣ ಬೆಲೆಯ ಮೊಬೈಲಿನಲ್ಲಿ, ವೈಫೈ ಆರಿಸಿ, ಸೂಪರ್ ಮಾರ್ಕೆಟಿನ ಜನಜಂಗುಳಿಯಲ್ಲಿ ನಿಂತು ತೆರೆಯುವ ರೂಢಿ ಮಾಡಿಕೊಂಡೆವು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಉತ್ತಮವೆಂದು ಒಪ್ಪುವ ಮಿತಿ. ಕ್ಯಾಮೆರಾದಿಂದ ನೇರವಾಗಿ ಏರಿಸಿದ ಭಾರವಾದ ಚಿತ್ರಗಳಿದ್ದರೆ ಅದು ಆಗದ ಮಾತು.

ಪುಟದಲ್ಲಿ ಏನಿರಬೇಕು ಎಂಬುದನ್ನು ನನಗೆ ಕಲಿಸಿದ್ದು ಯಾವ ತರಬೇತಿಯೂ ಅಲ್ಲ, ಮಿಲ್ಲಿನ ಫೋನ್ ಎತ್ತುವ ಕೆಲಸ. ಪುಣೆಯಿಂದ ಫೋನ್ ಮಾಡಿದ ಒಬ್ಬ ಹಿರಿಯ ಹೆಣ್ಣುಮಗಳು ಮೊದಲು ಕೇಳಿದ್ದು, “ಅಣ್ಣಾರ, ಬ್ಯಾಳಿ ಈ ವರ್ಷದ್ದೇ ಅದನ್ರೀ, ಹಳೀದು ಕಳಸ್ತೀರೇನು?” ಎಂದು. ಪಾಲಿಶ್ ಮಾಡಿದ್ದೋ ಮಾಡದ್ದೋ, ಎಣ್ಣೆ ಹಚ್ಚಿದ್ದೋ, ಎಷ್ಟು ಸೀಟಿಗೆ ಬೇಯುತ್ತದೆ, ಹುಳ ಬೀಳದಂತೆ ಎಷ್ಟು ತಿಂಗಳು ಇಡಬಹುದು, ನಮ್ಮ ಪಿನ್‌ಕೋಡಿಗೆ ಬರುತ್ತದೆಯೇ, ಒಟ್ಟು ಎಷ್ಟಾಗುತ್ತದೆ ಎಂಬವು ಮತ್ತೆ ಮತ್ತೆ ಬರುವ ಪ್ರಶ್ನೆಗಳು. ಈ ಪ್ರಶ್ನೆಗಳಿಗೆ ಉತ್ತರವನ್ನು ಅದೇ ಕ್ರಮದಲ್ಲಿ ಪುಟದ ಮೇಲ್ಭಾಗದಲ್ಲಿ ಬರೆದೆವು. ಪಾಲಿಶ್ ಇಲ್ಲದ ಬೇಳೆ ಮಂಕಾಗಿ ಕಾಣುತ್ತದೆ ಎಂಬುದನ್ನು ಮುಚ್ಚಿಡದೆ, ಅಂಗೈಯಲ್ಲಿ ಹಿಡಿದ ಬೇಳೆಯ ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆದು ಹಾಕಿದೆವು. ಹೊಳಪಿಲ್ಲವೆಂದು ಸರಕು ಹಿಂದೆ ಬರುವುದು ಇದರಿಂದ ಕಡಿಮೆಯಾಯಿತು. ನಿವ್ವಳ ತೂಕ, ಎಂಆರ್‌ಪಿ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಗಳು ಕಾನೂನಿಗಾಗಿ ಇರಲೇಬೇಕಾದವು. ಆದರೆ ಅಪರಿಚಿತ ವೆಬ್‌ಸೈಟಿಗೆ ಹಣ ಕಳಿಸುವವನಿಗೆ ಅವೇ ಧೈರ್ಯವನ್ನೂ ಕೊಡುತ್ತವೆ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಜಾಹೀರಾತಿನಲ್ಲಿ ಇದನ್ನು ಬರೆದರೆ ಮಾರಾಟಕ್ಕೆ ಅನುಕೂಲವೆಂಬುದು ನಿಜ, ಆದರೆ ಆ ಗುರುತನ್ನು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಮಿಲ್ಲು ಕಲಬುರಗಿಯಲ್ಲಿದೆ ಎಂಬ ಕಾರಣಕ್ಕೆ ಆ ಹಕ್ಕು ತಾನಾಗಿ ಬರುವುದಿಲ್ಲ. ಹೊರಗಿನಿಂದ ತಂದ ತೊಗರಿಯನ್ನು ಇಲ್ಲಿ ಒಡೆದು ಆ ಹೆಸರಿನಲ್ಲಿ ಮಾರುವುದಂತೂ ಸಲ್ಲದು.

ಚೆಕ್‌ಔಟ್‌ನಲ್ಲಿ, ಅಂದರೆ ಹಣ ಕಟ್ಟುವ ಹಂತದಲ್ಲಿ, ಎರಡೇ ಸಂಗತಿಗಳು ನಿಜವಾಗಿ ಲೆಕ್ಕಕ್ಕೆ ಬಂದವು. ಮೊದಲನೆಯದು, ಕೊನೆಯ ಹೆಜ್ಜೆಯಲ್ಲಿ ಇದ್ದಕ್ಕಿದ್ದಂತೆ ಸೇರುವ ಕೊರಿಯರ್ ಖರ್ಚು. ಬೇಳೆಯ ಬೆಲೆಯನ್ನು ಕಡಿಮೆ ತೋರಿಸಿ ಕೊನೆಗೆ ನೂರಿನ್ನೂರು ಸೇರಿಸುವ ಬದಲು ಎಲ್ಲ ಸೇರಿದ ಬೆಲೆಯನ್ನೇ ಮೊದಲು ತೋರಿಸಿದಾಗ ಕ್ಲಿಕ್ ಸ್ವಲ್ಪ ಇಳಿಯಿತು, ಆರ್ಡರ್ ಏರಿತು. ಇಳಿದ ಕ್ಲಿಕ್ಕುಗಳಿಗಾಗಿ ನಾನು ದುಃಖಪಡಲಿಲ್ಲ, ಅವುಗಳಿಗೆ ನಾವು ಹಣ ಕೊಡುತ್ತಿದ್ದೆವು. ಎರಡನೆಯದು ಕ್ಯಾಶ್ ಆನ್ ಡೆಲಿವರಿ. ಅದನ್ನು ತೆಗೆದುಹಾಕಿದರೆ ಹೊಸ ಗ್ರಾಹಕರು ಹಿಂಜರಿಯುತ್ತಾರೆ. ಹಾಗೇ ಬಿಟ್ಟರೆ ಬಾಗಿಲಿಗೆ ಹೋದ ಐದು ಕಿಲೋ ಚೀಲ ಬೇಡವೆಂದು ಹಿಂದಿರುಗಿ, ಹೋಗುವ ಮತ್ತು ಬರುವ ಎರಡೂ ಬಾಡಿಗೆ ನಮ್ಮ ತಲೆಗೆ ಬರುತ್ತದೆ. ಯುಪಿಐ ಮೂಲಕ ಮುಂಗಡ ಕೊಟ್ಟವರಿಗೆ ಸಣ್ಣ ರಿಯಾಯಿತಿ ಕೊಟ್ಟು, ಕ್ಯಾಶ್ ಆನ್ ಡೆಲಿವರಿ ಆರ್ಡರ್‌ಗಳಿಗೆ ಕಳಿಸುವ ಮುನ್ನ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ನಾವು ಕಂಡುಕೊಂಡ ನಡುದಾರಿ. ಫೋನಿನಲ್ಲಿ ನಮ್ಮ ಕಡೆಯ ಮಾತು ಕೇಳಿದ ತಕ್ಷಣ ಬೆಂಗಳೂರಿನಲ್ಲಿರುವ ಯಾದಗಿರಿಯವರು ಚೀಲದ ಜೊತೆಗೆ ಹಿಂಡಿಯನ್ನೂ ಸೇರಿಸಿ ಎನ್ನುವುದುಂಟು.

ಕನ್ವರ್ಷನ್, ಅಂದರೆ ಜಾಹೀರಾತಿನಿಂದ ದಕ್ಕಿದ ಫಲ, ಎಂದು ಏನನ್ನು ಎಣಿಸುತ್ತೇವೆ ಎಂಬುದು ಒಣ ವಿಷಯವಾಗಿ ಕಂಡರೂ ಹಣ ಸದ್ದಿಲ್ಲದೆ ಸೋರುವುದು ಇಲ್ಲಿಯೇ. ವಾಟ್ಸ್‌ಆ್ಯಪ್ ಗುಂಡಿ ಒತ್ತುವುದನ್ನೂ ಪುಟದಲ್ಲಿ ಒಂದು ನಿಮಿಷ ಇರುವುದನ್ನೂ ಕನ್ವರ್ಷನ್ ಎಂದು ಗುರುತಿಸಿಟ್ಟರೆ, ತಾನಾಗಿ ಬೆಲೆ ಕೂಗುವ ಸ್ಮಾರ್ಟ್ ಬಿಡ್ಡಿಂಗ್ ಗುಂಡಿ ಒತ್ತುವವರನ್ನೇ ಹುಡುಕಿ ತರುತ್ತದೆ, ಅದರ ಮೇಲೆ ದೂರು ಹೇಳುವಂತಿಲ್ಲ. ಎಣಿಕೆಯಲ್ಲಿ ಖರೀದಿ ಮಾತ್ರ ಇರಬೇಕು, ಅದೂ ರೂಪಾಯಿಯ ಮೊತ್ತದೊಂದಿಗೆ; ಪ್ರತಿ ಆರ್ಡರಿಗೂ ಅದರ ಸಂಖ್ಯೆಯನ್ನು ಕಳಿಸಿದರೆ ಧನ್ಯವಾದದ ಪುಟವನ್ನು ಗ್ರಾಹಕ ಮತ್ತೆ ತೆರೆದಾಗ ಒಂದೇ ಮಾರಾಟ ಎರಡಾಗಿ ದಾಖಲಾಗುವುದಿಲ್ಲ. ಹಿಂದಿರುಗಿದ ಆರ್ಡರ್‌ಗಳನ್ನು ಖಾತೆಯಿಂದ ರದ್ದುಪಡಿಸುವ ಸೌಲಭ್ಯವೂ ಇದೆ, ಬಳಸುವವರು ವಿರಳ.

ಇದೇ ಕ್ರಮ ಬೇರೆ ಸರಕಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಬೀದರಿನಲ್ಲಿ ಬಿದ್ರಿ ವಸ್ತುಗಳನ್ನು ಮಾರುವ ಪರಿಚಿತರೊಬ್ಬರ ಖಾತೆಯಲ್ಲಿ ನೋಡಿದೆ. ಸತು ಮತ್ತು ತಾಮ್ರದ ಎರಕಕ್ಕೆ ಬೆಳ್ಳಿಯ ಕುಸುರಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಹೂದಾನಿಯ ಬೆಲೆ ಸಾವಿರಗಳಲ್ಲಿ ಇರುವುದರಿಂದ ಅಲ್ಲಿ ಕ್ಲಿಕ್ಕೊಂದಕ್ಕೆ ಹೆಚ್ಚು ಕೊಡಬಹುದು. ಆದರೆ ಅಲ್ಲಿ ಹಣ ಪೋಲಾಗುತ್ತಿದ್ದುದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ: ಬಿದ್ರಿ ಕಲೆ ಯಾವ ಜಿಲ್ಲೆಗೆ ಪ್ರಸಿದ್ಧ, ಯಾವ ಲೋಹ ಬಳಸುತ್ತಾರೆ ಎಂದು ಹುಡುಕುವ ಅಭ್ಯರ್ಥಿಗಳು ದಿನವೂ ಜಾಹೀರಾತನ್ನು ಒತ್ತುತ್ತಿದ್ದರು. ಕೊಳ್ಳುವವರ ಮಾತು ಬೇರೆಯಾಗಿತ್ತು. ಅವರು ಉಡುಗೊರೆ, ನಿವೃತ್ತಿ, ನೆನಪಿನ ಕಾಣಿಕೆ, ಬೆಲೆ ಎಂಬ ಪದಗಳೊಂದಿಗೆ ಬರುತ್ತಿದ್ದರು. ಪುಟದಲ್ಲಿ ಅವರಿಗೆ ಬೇಕಾಗಿದ್ದುದು ವಸ್ತುವಿನ ಅಳತೆ ತಿಳಿಯುವಂತೆ ಕೈಯಲ್ಲಿ ಹಿಡಿದ ಚಿತ್ರ, ತೂಕ, ಮತ್ತು ಹೆಸರು ಕೆತ್ತಿಸಲು ಎಷ್ಟು ದಿನ ಬೇಕೆಂಬ ಮಾಹಿತಿ.

ಬೇಳೆಗೆ ಮರಳಿ ಹೇಳುವುದಾದರೆ, ಮೊದಲ ಆರ್ಡರಿನಲ್ಲಿ ಜಾಹೀರಾತಿನ ಖರ್ಚು ಹುಟ್ಟದಿದ್ದರೂ ಅದನ್ನು ನಷ್ಟವೆಂದು ಬರೆದುಬಿಡಬೇಕಾಗಿಲ್ಲ, ಏಕೆಂದರೆ ಬೇಳೆ ಮುಗಿಯುವ ವಸ್ತು. ಒಪ್ಪಿಗೆ ಕೊಟ್ಟ ಗ್ರಾಹಕರಿಗೆ ಚೀಲ ಮುಗಿಯುವ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಹೋಗುತ್ತದೆ, ಅದರಿಂದ ಬರುವ ಎರಡನೆಯ ಆರ್ಡರಿಗೆ ಕ್ಲಿಕ್ಕಿನ ಹಣವಿಲ್ಲ. ಯುಗಾದಿಗೆ ಮುಂಚೆ ಬೆಂಗಳೂರು, ಮೈಸೂರು ಕಡೆಯಿಂದ ಬೇಳೆಯ ಬೇಡಿಕೆ ಏರುತ್ತದೆ, ಅಲ್ಲಿ ಒಬ್ಬಟ್ಟಿನ ಹೂರಣಕ್ಕೆ ತೊಗರಿ ಬೇಳೆಯೇ ಬೇಕು. ನಮ್ಮಲ್ಲಿ ಹೋಳಿಗೆಗೆ ಕಡ್ಲಿಬ್ಯಾಳಿ, ಆದ್ದರಿಂದ ಈ ಏರಿಕೆಯನ್ನು ಮಿಲ್ಲಿನವರು ನಿರೀಕ್ಷಿಸಿರಲಿಲ್ಲ. ಈಗ ಹಬ್ಬಕ್ಕೆ ಮೊದಲೇ ಸ್ಥಳವಾರು ಬಜೆಟ್ ಬದಲಾಗುತ್ತದೆ.

ಹೊಸ ತೊಗರಿ ಮಾರುಕಟ್ಟೆಗೆ ಬಂದ ವಾರಗಳಲ್ಲಿ ದರ ದಿನದಿನಕ್ಕೆ ಏರಿಳಿಯುವುದರಿಂದ ಜಾಹೀರಾತಿನ ಬರಹದಲ್ಲಿ ಬೆಲೆ ಹಾಕುವುದನ್ನು ನಿಲ್ಲಿಸಿ, ಸರಕನ್ನು ಚಿತ್ರ ಮತ್ತು ಬೆಲೆಯೊಂದಿಗೆ ತೋರಿಸುವ ಶಾಪಿಂಗ್ ಜಾಹೀರಾತಿಗೆ ಹೋಗುವ ಪಟ್ಟಿಯ ಬೆಲೆಯೂ ಪುಟದ ಬೆಲೆಯೂ ಒಂದೇ ಇರುವಂತೆ ನೋಡಿಕೊಳ್ಳುತ್ತೇವೆ. ಎರಡೂ ಬೇರೆಯಾದರೆ ಗೂಗಲ್ ಆ ಸರಕನ್ನು ತಡೆಹಿಡಿಯುತ್ತದೆ. ಸಾಹುಕಾರರು ಹೊಸ ದರ ಹೇಳಿದ ದಿನವೇ ಚೀಲಕ್ಕೆ ಉಳಿಯುವ ಲಾಭವನ್ನು ಮತ್ತೆ ಲೆಕ್ಕ ಹಾಕಿ ಕ್ಲಿಕ್ಕಿನ ಮಿತಿಯನ್ನೂ ಬದಲಿಸುತ್ತೇನೆ; ಲಾಭ ತೀರಾ ಇಳಿದ ದಿನಗಳಲ್ಲಿ ಬೇಳೆಯ ಜಾಹೀರಾತನ್ನು ನಿಲ್ಲಿಸಿ, ಆ ಹಣವನ್ನು ರೊಟ್ಟಿ ಮತ್ತು ಹಿಂಡಿಯ ಡಬ್ಬಿಗೆ ತಿರುಗಿಸುತ್ತೇನೆ.